18 ದಾಟಿದ ತೀವ್ರ ವಿಕಲಚೇತನ ಮಕ್ಕಳಿಗೆ ಊರಿನಲ್ಲೇ ಕೆಲಸ: ನಾವೇ ಕಾರ್ಯಾಗಾರ ತೆರೆಯಬೇಕೇ, ಇರುವ ಅಂಗಡಿಗಳಲ್ಲೇ ಜಾಗ ಹುಡುಕಬೇಕೇ?

ಪ್ರಶ್ನೆ — ಬೆಟಗೇರಿಯ ಪಾಲಕ

ಮಾನ್ಯರೇ,

ಗದಗ-ಬೆಟಗೇರಿಯ ನಾವು ಕೆಲವು ಕುಟುಂಬಗಳು ಈಚೆಗೆ ತಿಂಗಳಿಗೊಮ್ಮೆ ಒಂದೆಡೆ ಸೇರುತ್ತಿದ್ದೇವೆ. ನಮ್ಮೆಲ್ಲರ ಮನೆಯಲ್ಲೂ ತೀವ್ರ ಸ್ವರೂಪದ ಬೌದ್ಧಿಕ ವಿಕಲತೆ, ಸೆರೆಬ್ರಲ್ ಪಾಲ್ಸಿ ಅಥವಾ ಆಟಿಸಂ ಇರುವ ಮಗನೋ ಮಗಳೋ ಇದ್ದಾರೆ. ಅವರಲ್ಲಿ ಹೆಚ್ಚಿನವರು ವಿಶೇಷ ಶಾಲೆಗೆ ಹೋಗಿ ಬಂದವರು; 18 ತುಂಬಿದ ಮೇಲೆ ಶಾಲೆ ಮುಗಿಯಿತು, ಮುಂದಿನ ದಾರಿ ಯಾವುದೆಂದು ಯಾರೂ ಹೇಳಲಿಲ್ಲ. ಶಾಲೆ ಇದ್ದಷ್ಟು ದಿನ ಬೆಳಿಗ್ಗೆ ಎದ್ದು ತಯಾರಾಗಿ ಡಬ್ಬಿ ಹಿಡಿದು ಹೊರಡುವ ಶಿಸ್ತು ಇತ್ತು, ಮನೆಯ ಹೊರಗಿನವರೊಡನೆ ಒಡನಾಟವೂ ಇತ್ತು. ಅದು ನಿಂತ ಮೇಲೆ ಕಲಿತದ್ದೂ ಮರೆತುಹೋಗುತ್ತಿದೆ. ತಾಯಂದಿರಿಗಂತೂ ಮನೆ ಬಿಟ್ಟು ಕದಲಲಾಗದ ಸ್ಥಿತಿ ಬಂದಿದೆ.

ಇವರಿಗೆ ಏನಾದರೂ ಕೆಲಸ ಆಗಬೇಕು ಎಂಬ ವಿಷಯದಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೇಗೆ ಎಂಬಲ್ಲಿ ಇದೆ. ಕೆಲವರು ಒಂದು ಬಾಡಿಗೆ ಮನೆ ಹಿಡಿದು, ನಾವೇ ದುಡ್ಡು ಹಾಕಿ, ಊದುಬತ್ತಿ, ಫಿನಾಯಿಲ್, ಕಾಗದದ ಚೀಲ ಮಾಡುವ ಕಾರ್ಯಾಗಾರ ತೆರೆಯೋಣ ಎನ್ನುತ್ತಾರೆ. ಮಕ್ಕಳು ಕಣ್ಣ ಮುಂದೆ ಸುರಕ್ಷಿತವಾಗಿರುತ್ತಾರೆ, ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ ಎಂಬುದು ಅವರ ವಾದ. ಇನ್ನು ಕೆಲವರು ಊರಿನಲ್ಲಿ ಇಷ್ಟೊಂದು ಪ್ರಿಂಟಿಂಗ್ ಪ್ರೆಸ್ಸುಗಳು, ಕಿರಾಣಿ ಅಂಗಡಿಗಳು, ಖಾನಾವಳಿಗಳು, ಎಪಿಎಂಸಿಯ ದಲಾಲಿ ಅಂಗಡಿಗಳು ಇರುವಾಗ ಅಲ್ಲಿಯೇ ಒಬ್ಬೊಬ್ಬರಿಗೆ ಒಂದೊಂದು ಜಾಗ ಕೇಳೋಣ ಎನ್ನುತ್ತಾರೆ. ನನ್ನ ಮಗನಿಗೆ 20 ವರ್ಷ. ಮಾತು ಕೆಲವೇ ಶಬ್ದಗಳಷ್ಟು, ಎಣಿಕೆ ಬರುವುದಿಲ್ಲ. ವಸ್ತುಗಳನ್ನು ಒಂದರ ಮೇಲೊಂದು ಅಂಚು ಕೂಡಿಸಿ ಇಡುವುದೆಂದರೆ ಮಾತ್ರ ಅವನಿಗೆ ಬೇಸರವೆಂಬುದಿಲ್ಲ. ಇಂಥವನಿಗೆ ಯಾವ ಸಾಹುಕಾರರು ಕೆಲಸ ಕೊಟ್ಟಾರು ಎಂಬ ಸಂಶಯ ನನಗೇ ಇದೆ.

ಈ ದಾರಿಯಲ್ಲಿ ನಡೆದವರು, ಮುಖ್ಯವಾಗಿ ನಮ್ಮ ಭಾಗದವರು, ಅನುಭವ ತಿಳಿಸಿದರೆ ಉಪಕಾರವಾಗುತ್ತದೆ. ಎರಡರಲ್ಲಿ ಯಾವುದು ಬಾಳುತ್ತದೆ? ಊರಿನವರನ್ನು ಇದರಲ್ಲಿ ಸೇರಿಸಿಕೊಳ್ಳುವುದು ಹೇಗೆ? ಪಗಾರ ಬಂದರೆ ಮಾಸಾಶನ ನಿಲ್ಲುತ್ತದೆಯೇ?

ಉತ್ತರ — ವಿಶೇಷ ಶಿಕ್ಷಕಿ, ಹುಬ್ಬಳ್ಳಿ

ಅಣ್ಣನವರೇ, ನಾನು ಎರಡನೆಯ ಪಕ್ಷದವಳು. ಕಾರಣವನ್ನು ವಿವರವಾಗಿಯೇ ಹೇಳಬೇಕು.

ಕಾರ್ಯಾಗಾರಗಳ ಮೊದಲ ತೊಂದರೆ ಮಾರುಕಟ್ಟೆ. ದೀಪಾವಳಿಯ ಹಣತೆ, ಹೊಸ ವರ್ಷದ ಶುಭಾಶಯ ಪತ್ರ, ಶಾಲೆಯ ವಾರ್ಷಿಕೋತ್ಸವದ ದಿನದ ಕಾಗದದ ಚೀಲ, ಇವೆಲ್ಲವನ್ನೂ ಜನ ಒಂದು ಸಲ ಕನಿಕರದಿಂದ ಕೊಳ್ಳುತ್ತಾರೆ. ಎರಡನೆಯ ಸಲ ಬೆಲೆ ನೋಡುತ್ತಾರೆ, ಮೂರನೆಯ ಸಲ ಬರುವುದಿಲ್ಲ. ಎರಡನೆಯ ತೊಂದರೆ ಇನ್ನೂ ಆಳದ್ದು. ಯಾರಿಗೆ ಏನು ಇಷ್ಟ, ಯಾರ ಕೈ ಯಾವುದಕ್ಕೆ ಒಗ್ಗುತ್ತದೆ ಎಂದು ನೋಡದೆ ಎಲ್ಲರನ್ನೂ ಒಂದೇ ಊದುಬತ್ತಿಗೆ ಕೂರಿಸುತ್ತೇವೆ, ವರ್ಷಗಳು ಕಳೆದರೂ ಅವರನ್ನು ‘ತರಬೇತಿಯಲ್ಲಿದ್ದಾರೆ’ ಎಂದೇ ಕರೆಯುತ್ತೇವೆ. ಮೊದಲು ಪೂರ್ತಿ ತಯಾರಾಗಲಿ, ಆಮೇಲೆ ಹೊರಗೆ ಕಳಿಸೋಣ ಎಂದುಕೊಂಡರೆ ತೀವ್ರ ವಿಕಲತೆ ಇರುವವರ ಪಾಲಿಗೆ ಆ ‘ಆಮೇಲೆ’ ಬರುವುದೇ ಇಲ್ಲ. ಒಂದು ಕೋಣೆಯಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ಒಯ್ದು ಅನ್ವಯಿಸುವುದೇ ಇವರಿಗೆ ಎಲ್ಲಕ್ಕಿಂತ ಕಷ್ಟ. ಆದ್ದರಿಂದ ಕ್ರಮವನ್ನು ತಿರುಗಿಸಬೇಕು: ಕೆಲಸದ ಜಾಗವನ್ನು ಮೊದಲು ಹುಡುಕಿ, ಅಲ್ಲಿಯೇ, ಅಲ್ಲಿನ ಸಾಮಾನುಗಳಿಂದಲೇ, ಅಲ್ಲಿನ ಗದ್ದಲದ ನಡುವೆಯೇ ಕಲಿಸಬೇಕು. ಪಕ್ಕದಲ್ಲಿ ನಿಂತು ಕಲಿಸುವವರನ್ನು ಜಾಬ್ ಕೋಚ್ ಎನ್ನುತ್ತಾರೆ.

ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಮಾರ್ಕ್ ಗೋಲ್ಡ್ ಎಂಬವರು 1970ರ ದಶಕದ ಆರಂಭದಲ್ಲಿ, ಕಲಿಯಲಾರರು ಎಂದು ಬದಿಗಿಟ್ಟಿದ್ದ ಬೌದ್ಧಿಕ ವಿಕಲಚೇತನರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿ ತೋರಿಸಿದರು. ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆಯುವುದು, ಬಾಯಿಮಾತನ್ನು ಕಡಿಮೆ ಮಾಡಿ ಕೈಸನ್ನೆಯಿಂದ ತೋರಿಸುವುದು, ತಪ್ಪಿದಾಗ ಗದರದೆ ಬೇರೆ ರೀತಿಯಲ್ಲಿ ಮಾಡಿ ನೋಡಲು ಬಿಡುವುದು, ಇಷ್ಟೇ ಅವರ ವಿಧಾನ. ಆ ದೇಶದಲ್ಲಿ 1984ರ ಕಾನೂನು ಇಂಥ ಬೆಂಬಲಸಹಿತ ಉದ್ಯೋಗಕ್ಕೆ ವ್ಯಾಖ್ಯೆ ಕೊಟ್ಟಿತು, 1986ರಲ್ಲಿ ಅದಕ್ಕೆ ಸರಕಾರದ ಹಣವೂ ದೊರೆಯಿತು. ನಮ್ಮ ದೇಶದ ವಿಶೇಷ ಶಿಕ್ಷಣದ ತರಬೇತಿಯಲ್ಲಿ ಈ ಹೆಜ್ಜೆ ಒಡೆಯುವ ಪಾಠ ಎಲ್ಲರಿಗೂ ಆಗಿರುತ್ತದೆ. ಅದನ್ನು ಹಲ್ಲುಜ್ಜಿಸಲು ಬಳಸುತ್ತೇವೆ, ಅಂಗಡಿಯ ಕೆಲಸಕ್ಕೆ ಬಳಸುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಭಾಗದಲ್ಲಿ ಖಡಕ್ ಜೋಳದ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘಗಳಿಗೆ ಕೊರತೆಯಿಲ್ಲ. ಬಡಿಯುವವರು, ಬೇಯಿಸುವವರು ನುರಿತವರು. ಆದರೆ ಅವರೇ ನಡುನಡುವೆ ಹಂಚು ಬಿಟ್ಟು ಎದ್ದು ಬಂದು ರೊಟ್ಟಿ ಎಣಿಸಿ ಕವರಿಗೆ ಹಾಕುತ್ತಾರೆ. ಈ ಕಟ್ಟುವ ಕೆಲಸವನ್ನು ಬೇರ್ಪಡಿಸಿದರೆ ಒಬ್ಬರ ಕೆಲಸವಾಗುತ್ತದೆ. ಎಣಿಕೆ ಬಾರದವರಿಗೆ ಎಣಿಕೆ ಕಲಿಸುತ್ತ ಕೂರಬೇಕಾಗಿಲ್ಲ. ಒಂದು ಕಟ್ಟಿಗೆಯ ಚೌಕಟ್ಟಿನ ಬದಿಗೆ ಹತ್ತು ರೊಟ್ಟಿಯ ಎತ್ತರಕ್ಕೆ ಕೆಂಪು ಗೆರೆ ಎಳೆದರೆ ಸಾಕು. ಗೆರೆ ಮುಟ್ಟುವವರೆಗೆ ಪೇರಿಸುವುದು, ಕವರಿನೊಳಗೆ ಜಾರಿಸುವುದು, ಪಕ್ಕದ ಬುಟ್ಟಿಗೆ ಇಡುವುದು. ಒಂದೆರಡು ರೊಟ್ಟಿ ಹೆಚ್ಚುಕಡಿಮೆಯಾದೀತೇ ಎಂದು ಸೀಲ್ ಮಾಡುವವರು ತೂಕ ಮಾಡಿ ನೋಡಿಕೊಳ್ಳುತ್ತಾರೆ. ಬಿಸಿಯಾಗುವ ಸೀಲಿಂಗ್ ಯಂತ್ರ ಅವರ ಕೈಯಲ್ಲೇ ಇರಲಿ. ಮೊದಲ ವಾರಗಳಲ್ಲಿ ಕೋಚ್ ಕೈ ಹಿಡಿದು ಮಾಡಿಸಬೇಕು, ಬಳಿಕ ಮೊಣಕೈ ಮುಟ್ಟಿ ನೆನಪಿಸಬೇಕು, ಬಳಿಕ ಬೆರಳು ತೋರಿಸಬೇಕು, ಬಳಿಕ ಎರಡು ಮಾರು ದೂರ ಕೂರಬೇಕು. ಈ ಹಿಂದೆ ಸರಿಯುವುದನ್ನು ಮೊದಲ ದಿನವೇ ಯೋಜಿಸದಿದ್ದರೆ ಕೋಚ್ ಕಾಯಂ ಆಗಿ ಅಲ್ಲಿಯೇ ಉಳಿಯುತ್ತಾರೆ, ಹುಡುಗ ಅವರ ಮುಖ ನೋಡದೆ ಕೈ ಆಡಿಸುವುದಿಲ್ಲ.

ನಿಮ್ಮ ಮಗನ ವಿಷಯಕ್ಕೆ ಬಂದರೆ, ಗದಗಿನಲ್ಲಿ ಪ್ರೆಸ್ಸುಗಳಿರುವಾಗ ನಾನು ಮೊದಲು ಹೋಗುವುದು ಅಲ್ಲಿಗೇ. ಬಿಲ್ ಪುಸ್ತಕಕ್ಕೆ ಬಿಳಿ, ಗುಲಾಬಿ, ಹಳದಿ ಹಾಳೆಗಳನ್ನು ಅದೇ ಅನುಕ್ರಮದಲ್ಲಿ ಕೂಡಿಸಬೇಕಾಗುತ್ತದೆ. ಅಂಕಿ ಬೇಡ, ಅಕ್ಷರ ಬೇಡ, ಬಣ್ಣದ ಕ್ರಮ ಮತ್ತು ಅಂಚು ಕೂಡಿಸುವ ತಾಳ್ಮೆ ಸಾಕು. ಪುಟದ ಸಂಖ್ಯೆ ಮುದ್ರಿಸಿದ ಹಾಳೆಗಳಾದರೆ ತೊಡಕು; ಸಂಖ್ಯೆ ಹಾಕುವ ಮೊದಲಿನ ಹಂತವನ್ನೇ ಕೇಳಿ.

ಊರಿನವರನ್ನು ಸೇರಿಸಿಕೊಳ್ಳುವ ಬಗೆಗೂ ಒಂದು ಮಾತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎರಿಕ್ ಕಾರ್ಟರ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು ತೀವ್ರ ವಿಕಲತೆಯ ಯುವಜನರ ಉದ್ಯೋಗಕ್ಕಾಗಿ ಊರೂರಿನಲ್ಲಿ ಸಮುದಾಯ ಸಂವಾದಗಳನ್ನು ನಡೆಸಿದರು. ಅಲ್ಲಿ ವೇದಿಕೆಯಿಲ್ಲ, ಭಾಷಣವಿಲ್ಲ. ವ್ಯಾಪಾರಿಗಳು, ಶಿಕ್ಷಕರು, ಪಾಲಕರು, ಪೌರಾಡಳಿತದವರು ಚಿಕ್ಕ ಮೇಜುಗಳ ಸುತ್ತ ಕೂರುತ್ತಾರೆ. ನಮ್ಮ ಊರಿನಲ್ಲಿ ಇವರಿಗೆ ಕೆಲಸ ದೊರೆಯಲು ಏನೇನು ಮಾಡಬಹುದು, ಅದರಲ್ಲಿ ನಾವು ಏನು ಮಾಡಬಲ್ಲೆವು ಎಂದು ಮಾತಾಡುತ್ತಾರೆ. ಸ್ವಲ್ಪ ಹೊತ್ತಿಗೆ ಮೇಜು ಬದಲಿಸುತ್ತಾರೆ, ಪ್ರತಿ ಮೇಜಿನ ಮಾತನ್ನು ಒಬ್ಬರು ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಇಂಥ ಸಭೆ ಎಂದೊಡನೆ ಶಾಲು, ಹಾರ, ಉದ್ಘಾಟನೆ ಬಂದುಬಿಡುತ್ತವೆ. ದಯವಿಟ್ಟು ಅವನ್ನು ಬಿಡಿ. ಕೆಲಸ ಕೊಡುವವರು ಸಿಗುವುದು ಹಾರ ಹಾಕಿಸಿಕೊಂಡವರಲ್ಲಿ ಅಲ್ಲ, ಮೂಲೆಯಲ್ಲಿ ಕೂತು ‘ನನ್ನ ಸೋದರಳಿಯನ ಅಂಗಡಿಯಲ್ಲಿ ಕೇಳಿ ನೋಡುತ್ತೇನೆ’ ಎನ್ನುವವರಲ್ಲಿ.

ಉತ್ತರ — ಮೆಣಸಿನಕಾಯಿ ವರ್ತಕ, ಬ್ಯಾಡಗಿ

ಅಕ್ಕನವರು ಬರೆದದ್ದು ಸರಿಯಿದೆ. ಕೆಲಸ ಕೊಡುವವನ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ಮೊದಲನೆಯದು, ಸುಗ್ಗಿಯಲ್ಲಿ ಬರಬೇಡಿ. ನಮ್ಮ ಪೇಟೆಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಆವಕ ಏರುತ್ತದೆ, ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಗ ಎಷ್ಟೇ ಒಳ್ಳೆಯ ಮನಸ್ಸಿನ ವರ್ತಕನೂ ‘ಆಮೇಲೆ ನೋಡೋಣ’ ಎಂದೇ ಅನ್ನುತ್ತಾನೆ. ಮಳೆಗಾಲದಲ್ಲಿ ಬಂದು ಕೂತರೆ ಚಹಾ ಕೊಟ್ಟು ಕೇಳುತ್ತಾನೆ.

ಎರಡನೆಯದು, ಎಲ್ಲ ಕೆಲಸ ಎಲ್ಲರಿಗೂ ಹೇಳಿದ್ದಲ್ಲ. ನಮ್ಮಲ್ಲಿ ಕಾಯಿಯ ತುಂಬು (ತೊಟ್ಟು) ಬಿಡಿಸುವುದು ಕೂತು ಮಾಡುವ ಕೆಲಸವಾದ್ದರಿಂದ ಕೆಲವು ಪಾಲಕರು ಅದನ್ನೇ ಕೇಳಿಕೊಂಡು ಬರುತ್ತಾರೆ. ಆದರೆ ಅದು ಕಿಲೋ ಲೆಕ್ಕದ ಕೆಲಸ. ಅಭ್ಯಾಸದ ಹೆಂಗಸರ ಕೈ ವೇಗಕ್ಕೆ ತಕ್ಕಂತೆ ದರ ಗೊತ್ತಾಗಿದೆ, ನಿಧಾನದವರ ದಿನದ ಗಳಿಕೆ ತೀರ ಅಲ್ಪವಾಗುತ್ತದೆ. ಮೇಲಾಗಿ ಘಾಟು. ಉಸಿರಾಟದ ತೊಂದರೆ ಇರುವವರನ್ನೂ, ಉರಿಯಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಲಾಗದವರನ್ನೂ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುವವರನ್ನೂ ಅಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ನಮ್ಮಲ್ಲಿ ಮಾತು ಬಾರದ ಒಬ್ಬ ಯುವಕ ಖಾಲಿ ಗೋಣಿಚೀಲಗಳ ಕೆಲಸ ಮಾಡುತ್ತಾನೆ. ಚೀಲ ಝಾಡಿಸಿ, ಹರಿದದ್ದನ್ನು ಬೇರೆ ಇಟ್ಟು, ಸರಿಯಿದ್ದದ್ದನ್ನು ಮಡಚಿ ಕಟ್ಟು ಕಟ್ಟುತ್ತಾನೆ. ಹಿಂದೆ ಈ ಕೆಲಸವನ್ನು ಹಮಾಲರು ಬಿಡುವಾದಾಗ ಮಾಡುತ್ತಿದ್ದರು, ಅಂದರೆ ಅರ್ಧ ಆಗುತ್ತಲೇ ಇರಲಿಲ್ಲ. ಅವನು ಬಂದ ಮೇಲೆ ಚೀಲ ಹುಡುಕುವ ಗೋಳು ತಪ್ಪಿದೆ. ಇದು ನಾನು ಮಾಡಿದ ದಾನವಲ್ಲ, ನನಗೆ ಲಾಭವಿದೆ. ಪಾಲಕರು ನಮ್ಮ ಬಳಿ ಬರುವಾಗ ‘ಪುಣ್ಯ ಬರುತ್ತದೆ’ ಎನ್ನುವುದಕ್ಕಿಂತ ‘ನಿಮ್ಮಲ್ಲಿ ಯಾವ ಕೆಲಸ ಯಾವಾಗಲೂ ಹಿಂದೆ ಬೀಳುತ್ತದೆ’ ಎಂದು ಕೇಳುವುದು ಒಳ್ಳೆಯದು.

ಮೂರನೆಯದು, ನಮ್ಮ ಭಯಗಳನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಹುಡುಗನಿಗೆ ಮೂರ್ಛೆ ಬಂದರೆ ಏನು ಮಾಡಬೇಕು? ಬೇಸರಗೊಂಡು ಎದ್ದು ಹೋದರೆ ಯಾರಿಗೆ ಫೋನ್ ಮಾಡಬೇಕು? ದಾರಿಯಲ್ಲಿ ಏನಾದರೂ ಆದರೆ ಹೊಣೆ ಯಾರದು? ಹೆಣ್ಣುಮಗಳಾದರೆ ಅವಳ ಹತ್ತಿರ ಯಾರು ಇರುತ್ತಾರೆ? ಇವಕ್ಕೆ ಒಂದು ಹಾಳೆಯಲ್ಲಿ ಉತ್ತರ ಬರೆದು, ಕರೆ ಮಾಡಬೇಕಾದವರ ಸಂಖ್ಯೆ ಸಹಿತ ಕೊಟ್ಟರೆ ಅರ್ಧ ಒಪ್ಪಿದಂತೆಯೇ.

ಪಗಾರದ ವಿಷಯ ಸ್ವಲ್ಪ ಸೂಕ್ಷ್ಮ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ವಿಕಲಚೇತನ ಕೆಲಸಗಾರರ ವೇತನಕ್ಕೆ ಕಾಯ್ದೆ ಅನ್ವಯಿಸದಂತೆ ಆದೇಶ ಹೊರಡಿಸಲು ಸರಕಾರಕ್ಕೆ ಅಧಿಕಾರವಿತ್ತು. ಅದು ಸರಕಾರದ ಅಧಿಕಾರ, ಅಂಗಡಿಯವನದಲ್ಲ. ಆದರೂ ಅದೇ ಧಾಟಿಯಲ್ಲಿ ‘ಇವರಿಗೆ ಊಟ ಹಾಕಿದರೆ ಸಾಕು’ ಎನ್ನುವವರನ್ನು ನಾನೂ ನೋಡಿದ್ದೇನೆ. ಇದಕ್ಕಿಂತ ನರೇಗಾ ಕಾಮಗಾರಿಗಳಲ್ಲಿ ನಮ್ಮ ರಾಜ್ಯದಲ್ಲಿ ನಡೆದುಬಂದ ಪದ್ಧತಿ ಉತ್ತಮ: ವಿಕಲಚೇತನರು ಶೇ 50ರಷ್ಟು ಕೆಲಸ ಮಾಡಿದರೆ ಪೂರ್ಣ ಕೂಲಿ. ಎಲ್ಲ ವರ್ತಕರೂ ಅಷ್ಟು ಮಾಡಲಾರರು, ಒಪ್ಪುತ್ತೇನೆ. ಅದಕ್ಕೆ ಉಪಾಯವೆಂದರೆ ದಿನವಿಡೀ ಬೇಡ, ಎರಡು ಮೂರು ತಾಸಿನ ಕೆಲಸ ಕೇಳಿ, ಆ ತಾಸುಗಳಿಗೆ ಸರಿಯಾದ ಕೂಲಿ ಕೇಳಿ. ಪುಕ್ಕಟೆ ‘ಪ್ರಯೋಗ’ಕ್ಕೆ ಒಪ್ಪಿದರೆ ಅದು ಮುಗಿಯುವ ತಾರೀಖನ್ನೂ ಅಂದೇ ಗೊತ್ತುಪಡಿಸಿಕೊಳ್ಳಿ. ಇಲ್ಲವಾದರೆ ಪ್ರಯೋಗ ಮುಗಿಯುವುದೇ ಇಲ್ಲ, ನಾನು ವರ್ತಕನಾಗಿ ಹೇಳುತ್ತಿದ್ದೇನೆ.

ಉತ್ತರ — ತಾಯಿ, ಧಾರವಾಡ

ಇಬ್ಬರ ಬರಹವನ್ನೂ ಓದಿದೆ. ಒಂದು ಪ್ರಶ್ನೆ ಉಳಿಯುತ್ತದೆ. ರೊಟ್ಟಿ ಪೇರಿಸುವವರು, ಚೀಲ ಮಡಚುವವರು ಎದ್ದು ನಡೆಯಬಲ್ಲವರು, ತಾವೇ ಶೌಚಕ್ಕೆ ಹೋಗಬಲ್ಲವರು. ನನ್ನ ಮಗಳು ಗಾಲಿಕುರ್ಚಿಯಲ್ಲಿ ಇರುವವಳು. ಊಟ ಮಾಡಿಸಬೇಕು, ಬಟ್ಟೆ ಬದಲಿಸಬೇಕು, ಬಲಗೈ ಒಂದಿಷ್ಟು ಅವಳ ಮಾತು ಕೇಳುತ್ತದೆ. ನಮ್ಮ ಯಾವ ಅಂಗಡಿಯಲ್ಲಿ ಗಾಲಿಕುರ್ಚಿ ಹೋಗುವ ಶೌಚಾಲಯವಿದೆ? ಕಾರ್ಯಾಗಾರ ಹಳೆಯ ಕಾಲದ ವಿಚಾರ ಎಂದು ಬಿಟ್ಟುಬಿಟ್ಟರೆ ಇಂಥವರು ಮತ್ತೆ ಮನೆಯ ಕೋಣೆಗೇ ಬರುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ಬೆಂಬಲ ಅಗತ್ಯವಿರುವವರು ಎಂಬ ವರ್ಗವನ್ನೇ ಗುರುತಿಸಿದ್ದಾರೆ, ಅಂಥವರು ಬೆಂಬಲ ಕೋರಿ ಅರ್ಜಿ ಹಾಕುವ ಅವಕಾಶವೂ ಕಾಯ್ದೆಯಲ್ಲಿದೆ. ಅಂದ ಮೇಲೆ ಅವರನ್ನು ಮರೆತು ಮಾಡುವ ಯೋಜನೆಯನ್ನು ತೀವ್ರ ವಿಕಲಚೇತನರ ಯೋಜನೆ ಎಂದು ಹೇಗೆ ಕರೆಯುವುದು?

ಪ್ರಯಾಣದ ಸಂಗತಿಯನ್ನು ಯಾರೂ ಎತ್ತಲಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿನ ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿರುವುದರಿಂದ ಗಾಲಿಕುರ್ಚಿ ಒಳಗೆ ಹೋಗುತ್ತದೆ, ಅದು ನಿಜಕ್ಕೂ ದೊಡ್ಡ ಅನುಕೂಲ. ಮನೆಯಿಂದ ನಿಲ್ದಾಣದವರೆಗಿನ ದಾರಿಗೆ ಆ ಅನುಕೂಲವಿಲ್ಲ. ಅಲ್ಲಿ ಆಟೋದ ಬಾಡಿಗೆ ದಿನದ ಕೂಲಿಯನ್ನೇ ನುಂಗುತ್ತದೆ. ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ತಾಯಿಗೆ ಟಿಕೆಟ್ ಖರ್ಚು ಉಳಿದೀತು, ಅವಳ ದಿನ ಉಳಿಯುವುದಿಲ್ಲ. ಕೆಲಸದ ಜಾಗ ಹುಡುಕುವವರು ಪೇಟೆಯ ನಕ್ಷೆಯನ್ನಲ್ಲ, ಮನೆಯಿಂದ ನಡೆದು ಹೋಗುವಷ್ಟು ದೂರವನ್ನು ಮೊದಲು ನೋಡಬೇಕು.

ನಮ್ಮದೇ ಊರಿನ ಒಂದು ಮಾದರಿಯನ್ನು ನೆನಪಿಸುತ್ತೇನೆ. ಈಗ ದೇಶದಾದ್ಯಂತ ಹೆಸರಾದ ಮಿಟ್ಟಿ ಕೆಫೆಯನ್ನು ಅಲೀನಾ ಆಲಂ ಅವರು 2017ರಲ್ಲಿ ಆರಂಭಿಸಿದ್ದು ಹುಬ್ಬಳ್ಳಿಯಲ್ಲಿ, ಬಿ.ವಿ.ಬಿ. ಕಾಲೇಜಿನ ಆವರಣದ ಒಂದು ಹಳೆಯ ಶೆಡ್ಡಿನಲ್ಲಿ. 2023ರ ನವೆಂಬರಿನಲ್ಲಿ ಅದರ ಒಂದು ಶಾಖೆ ಸುಪ್ರೀಂ ಕೋರ್ಟಿನ ಆವರಣದಲ್ಲಿಯೇ ತೆರೆಯಿತು. ಅದು ಬಾಗಿಲು ಹಾಕಿಕೊಂಡ ಕಾರ್ಯಾಗಾರವೂ ಅಲ್ಲ, ಒಬ್ಬೊಬ್ಬರನ್ನು ಚದುರಿಸಿ ಇಟ್ಟ ಕ್ರಮವೂ ಅಲ್ಲ. ವಿಕಲಚೇತನರೇ ಸೇರಿ ನಡೆಸುತ್ತಾರೆ, ಆದರೆ ಗಿರಾಕಿಗಳು ದಿನವೂ ಎದುರಿಗೆ ಬಂದು ಹೋಗುತ್ತಾರೆ. ಇಂಥ ನಡುವಿನ ದಾರಿ ಇದೆ ಎಂಬುದನ್ನು ಬೆಟಗೇರಿಯವರು ಗಮನಿಸಲಿ.

ಮರು ಉತ್ತರ — ವಿಶೇಷ ಶಿಕ್ಷಕಿ, ಹುಬ್ಬಳ್ಳಿ

ತಾಯಿಯವರ ಆಕ್ಷೇಪ ನ್ಯಾಯವಾದದ್ದು. ಒಂದು ವ್ಯತ್ಯಾಸವನ್ನು ಮಾತ್ರ ಮಾಡುತ್ತೇನೆ: ಹಗಲು ಹೊತ್ತಿನ ಆರೈಕೆಯ ಕೇಂದ್ರ ಬೇರೆ, ಉದ್ಯೋಗ ಬೇರೆ. ಮೊದಲನೆಯದು ಖಂಡಿತ ಬೇಕು, ಅದನ್ನು ಆರೈಕೆ ಎಂದೇ ಕರೆದು ಅದಕ್ಕೆ ತಕ್ಕ ಸಿಬ್ಬಂದಿಯನ್ನು ಕೊಡಬೇಕು. ಅಲ್ಲಿಂದಲೇ ವಾರಕ್ಕೆ ಒಂದೆರಡು ಸಲ ಒಂದು ತಾಸಿನ ಕೆಲಸಕ್ಕೆ ಹೋಗಿ ಬರಲು ಅಡ್ಡಿಯಿಲ್ಲ. ಒಂದು ಕೈ ಮಾತ್ರ ಆಡುವವರಿಗೆ ದೊಡ್ಡ ಗುಂಡಿಯ ಸ್ವಿಚ್ಚನ್ನು ಯಂತ್ರಕ್ಕೆ ಜೋಡಿಸಿಕೊಡುವ ವ್ಯವಸ್ಥೆ ಇದೆ; ಲೆಕ್ಕಪರಿಶೋಧಕರ ಕಚೇರಿಯ ಹಳೆಯ ಕಾಗದ ಚೂರು ಮಾಡುವ ಯಂತ್ರಕ್ಕೆ ಅದನ್ನು ಅಳವಡಿಸಿದರೆ, ಒಬ್ಬರು ಹಾಳೆ ತೂರಿಸಿದಾಗ ಇವರು ಗುಂಡಿ ಒತ್ತುತ್ತಾರೆ. ಇಬ್ಬರು ಸೇರಿದರೆ ಒಂದು ಕೆಲಸ ಎಂಬ ಲೆಕ್ಕಕ್ಕೆ ನಾವು ಒಪ್ಪಬೇಕು, ಕೆಲಸ ಕೊಡುವವರನ್ನೂ ಒಪ್ಪಿಸಬೇಕು.

ಉತ್ತರ — ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಶಿಗ್ಗಾವಿ ತಾಲ್ಲೂಕು

ನಾನೂ ಪೋಲಿಯೊದಿಂದ ಕಾಲು ಕಳೆದುಕೊಂಡವನು, ಪಂಚಾಯಿತಿ ಮಟ್ಟದಲ್ಲಿ ಗೌರವಧನದ ಮೇಲೆ ಕೆಲಸ ಮಾಡುತ್ತೇನೆ. ಕಾಗದಪತ್ರದ ಕಡೆಯ ಮಾತುಗಳನ್ನು ಹೇಳುತ್ತೇನೆ, ಏಕೆಂದರೆ ಹಳ್ಳಿಗಳಲ್ಲಿ ಕೆಲಸ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಮಾಸಾಶನದ ಭಯ ಎಲ್ಲಕ್ಕಿಂತ ದೊಡ್ಡದು. ಮಾಸಾಶನಕ್ಕೆ ಆದಾಯದ ಮಿತಿ ಇರುವುದರಿಂದ, ತಿಂಗಳಿಗೆ ಅಷ್ಟಿಷ್ಟು ಪಗಾರ ಬಂದೊಡನೆ ಅದು ನಿಂತೇ ಹೋಗುತ್ತದೆ ಎಂದು ಮನೆಯವರು ಹೆದರಿ, ಬಂದ ಕೆಲಸವನ್ನೂ ಬಿಡಿಸುತ್ತಾರೆ. ಬಾಯಿಮಾತಿನ ಸುದ್ದಿಯನ್ನು ನಂಬದೆ, ನಿಮ್ಮ ತಹಶೀಲ್ದಾರ್ ಕಚೇರಿಯಲ್ಲಿ ಈಗಿನ ಮಿತಿ ಎಷ್ಟೆಂದು ಲಿಖಿತವಾಗಿ ಕೇಳಿ, ನಿಮ್ಮ ಮಗನ ತಾಸುಗಳನ್ನು ಅದಕ್ಕೆ ಹೊಂದಿಸಿ ಗೊತ್ತುಮಾಡಿ. ಪಗಾರ ಚಿಕ್ಕದಾಗಿರುವಾಗ ಮಾಸಾಶನ ಕಳೆದುಕೊಳ್ಳುವುದು ಜಾಣತನವಲ್ಲ.

ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಬೌದ್ಧಿಕ ವಿಕಲತೆ ಮತ್ತು ಮಾನಸಿಕ ಅಸ್ವಸ್ಥತೆಯ ಪರೀಕ್ಷೆಗೆ ನಮ್ಮ ಕಡೆಯ ಅನೇಕರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋಗುತ್ತಾರೆ. ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ವಿಕಲತೆ ಇದ್ದರೆ ಕಾಯ್ದೆಯ ಮೀಸಲಾತಿ ಸೌಲಭ್ಯಗಳು ಅನ್ವಯಿಸುತ್ತವೆ. ಸರಕಾರಿ ಹುದ್ದೆಗಳಲ್ಲಿ 2016ರ ಕಾಯ್ದೆ ಕನಿಷ್ಠ ಶೇ 4 ಮೀಸಲಿಟ್ಟು, ಅದರಲ್ಲಿ ಶೇ 1ನ್ನು ಆಟಿಸಂ, ಬೌದ್ಧಿಕ ವಿಕಲತೆ, ಮಾನಸಿಕ ಅಸ್ವಸ್ಥತೆ, ಬಹುವಿಕಲತೆ ಮುಂತಾದವಕ್ಕೆ ಕೊಟ್ಟಿದೆ. ಆದರೆ ತೀವ್ರ ಬೌದ್ಧಿಕ ವಿಕಲತೆ ಇರುವವರು ಆ ಪರೀಕ್ಷೆಗಳನ್ನು ದಾಟಿ ಹುದ್ದೆ ಪಡೆಯುವುದು ಬಲು ಅಪರೂಪ. ಅದನ್ನೇ ನಂಬಿ ಕೂರಬೇಡಿ. ಖಾಸಗಿ ಸಂಸ್ಥೆಗಳಿಗೆ ಕಾಯ್ದೆ ಮೀಸಲಾತಿಯನ್ನು ಹೇರಿಲ್ಲ, ಸಿಬ್ಬಂದಿಯಲ್ಲಿ ಶೇ 5ರಷ್ಟು ವಿಕಲಚೇತನರಿರುವಂತೆ ನೋಡಿಕೊಳ್ಳಲು ಪ್ರೋತ್ಸಾಹಕ ಕೊಡುವ ಮಾತಿದೆ. ಸ್ವಲ್ಪ ದೊಡ್ಡ ಕಾರಖಾನೆಗಳಾದರೆ ಅವಕ್ಕೆ ಒಂದು ನೆನಪು ಕೊಡಬಹುದು: 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ವಿಕಲಚೇತನರಿಗೆ ಯೋಗ್ಯವಾದ ಹುದ್ದೆಗಳನ್ನು ಗುರುತಿಸಿ ಸಮಾನ ಅವಕಾಶದ ನೀತಿಯಲ್ಲಿ ತೋರಿಸಬೇಕು, ಒಬ್ಬ ಸಂಪರ್ಕಾಧಿಕಾರಿಯನ್ನು ಗೊತ್ತುಮಾಡಬೇಕು. ಇಎಸ್‌ಐಗೆ (ನೌಕರರ ರಾಜ್ಯ ವಿಮೆಗೆ) ಸಾಮಾನ್ಯ ನೌಕರರ ವೇತನಮಿತಿ ₹21,000 ಇದ್ದರೆ ವಿಕಲಚೇತನರಿಗೆ ₹25,000 ಇದೆ.

18 ತುಂಬಿದವರ ಬ್ಯಾಂಕ್ ಖಾತೆ, ಸಹಿ ಎಲ್ಲದಕ್ಕೂ ತೊಡಕು ಬರುತ್ತದೆ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿ ಪಾಲಕರಿಗೆ ಕಾನೂನುಬದ್ಧ ಪೋಷಕತ್ವದ ಪತ್ರ ಕೊಡುತ್ತದೆ. ಅದೇ ಕಾಯ್ದೆಯ ವ್ಯಾಪ್ತಿಯ ನಿರಾಮಯ ಆರೋಗ್ಯ ವಿಮೆ ₹1 ಲಕ್ಷದವರೆಗೆ ಇದೆ. ವರ್ತಕರು ಎತ್ತಿದ ‘ಏನಾದರೂ ಆದರೆ’ ಎಂಬ ಪ್ರಶ್ನೆಗೆ ಇದೂ ಒಂದಿಷ್ಟು ಧೈರ್ಯ.

ಜಾಬ್ ಕೋಚ್‌ಗೆ ಹಣ ಎಲ್ಲಿಂದ ಎಂದು ಕೇಳುವಿರಿ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ 5ನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕು, ನಗರ ಸ್ಥಳೀಯ ಸಂಸ್ಥೆಗಳಿಗೂ ಇಂಥ ನಿಯಮವಿದೆ. ಆ ಹಣ ಹೆಚ್ಚಾಗಿ ತ್ರಿಚಕ್ರ ವಾಹನ, ಹೊಲಿಗೆ ಯಂತ್ರಗಳಿಗೆ ಹೋಗುತ್ತದೆ, ಏಕೆಂದರೆ ಹಂಚಿದ ಫೋಟೊ ತೆಗೆಯಬಹುದು. ಒಬ್ಬರ ಕೆಲವು ತಿಂಗಳ ಭತ್ಯೆಗೆ ಕೊಡಿ ಎಂದು ವಾರ್ಡ್ ಸಭೆಯಲ್ಲಿ ಕೇಳಿದವರನ್ನು ನಾನು ಕಂಡಿಲ್ಲ, ನೀವು ಕೇಳಿ.

ಸ್ವಉದ್ಯೋಗದ ಬಗ್ಗೆ ಒಂದೇ ಎಚ್ಚರಿಕೆ. ವಿಕಲಚೇತನರ ಸ್ವಉದ್ಯೋಗಕ್ಕೆ ಸಾಲ ಕೊಡುವ ಆಧಾರ ಯೋಜನೆಯಂಥವುಗಳಲ್ಲಿ ವಿಕಲಚೇತನನ ಹೆಸರಿನಲ್ಲಿ ಸಾಲ ತಂದು, ಡಬ್ಬಿ ಅಂಗಡಿ ಇಟ್ಟು, ಗಲ್ಲೆಯ ಮೇಲೆ ಅಣ್ಣ ಕೂತು, ಇವನು ಮನೆಯಲ್ಲೇ ಉಳಿದ ಪ್ರಸಂಗಗಳು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ಅದಕ್ಕಿಂತ ಹಳ್ಳಿಯಲ್ಲಿ ಹಾಲಿನ ಡೇರಿಯ ಕ್ಯಾನ್ ತೊಳೆದಿಡುವುದು, ನರ್ಸರಿಯಲ್ಲಿ ಪಾಕೀಟಿಗೆ ಮಣ್ಣು ತುಂಬುವುದು ನಿಜವಾದ ಕೆಲಸಗಳು. ವಿಕಲಚೇತನರಿಗಾಗಿ ಕೆಲಸ ಮಾಡುವ ಬೆಂಗಳೂರಿನ ಎಪಿಡಿ ಸಂಸ್ಥೆ ತೋಟಗಾರಿಕೆಯ ತರಬೇತಿಯನ್ನು ಬಹಳ ವರ್ಷಗಳಿಂದ ನಡೆಸುತ್ತ ಬಂದಿರುವುದಕ್ಕೆ ಕಾರಣವಿದೆ: ಸಸಿಯ ಕೆಲಸ ಅವಸರ ಬೇಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ — ಬೆಟಗೇರಿಯ ಪಾಲಕ

ಎಲ್ಲರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ಮುದ್ರಿಸಿಕೊಂಡು ನಮ್ಮ ಸಭೆಯಲ್ಲಿ ಓದಿದೆವು, ವಾದವೂ ಆಯಿತು. ಬಾಡಿಗೆ ಮನೆಯ ವಿಚಾರವನ್ನು ಸದ್ಯಕ್ಕೆ ಮುಂದೂಡಿದ್ದೇವೆ. ಹೆಚ್ಚಿನ ಆರೈಕೆ ಬೇಕಾದ ಇಬ್ಬರು ಮಕ್ಕಳ ತಂದೆತಾಯಿ ಇದಕ್ಕೆ ಪೂರ್ತಿ ಒಪ್ಪಿಲ್ಲ ಎಂಬುದನ್ನೂ ಹೇಳಬೇಕು. ಅವರಿಗಾಗಿ ಹಗಲು ಆರೈಕೆಯ ಬೇಡಿಕೆಯನ್ನು ನಗರಸಭೆಯ ಮುಂದೆ ಬೇರೆಯಾಗಿಯೇ ಇಡುತ್ತೇವೆ.

ಒಬ್ಬ ಹಿರಿಯರು ಸಭೆಯಲ್ಲಿ, 1905ರಲ್ಲಿ ನಮ್ಮ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಊರಿನವರೇ ದುಡ್ಡು ಕೂಡಿಸಿ ಊರಿನವರಿಗೇ ಸಾಲ ಕೊಟ್ಟರು, ಕೋಚ್‌ನ ಭತ್ಯೆಯನ್ನೂ ಹಾಗೆಯೇ ಪತ್ತಿನ ಸಂಘಗಳಲ್ಲಿ ಕೇಳೋಣ ಎಂದರು. ಲಾಭದಲ್ಲಿರುವ ಪತ್ತಿನ ಸಂಘಗಳು ನಮ್ಮಲ್ಲಿ ಇರುವುದರಿಂದ ಈ ಸಲಹೆ ನನಗೆ ಹಿಡಿಸಿದೆ. ಪ್ರತಿ ಮಗುವಿನ ಬಗ್ಗೆ ಒಂದೊಂದು ಹಾಳೆ ಬರೆಯಲು ಆರಂಭಿಸಿದ್ದೇವೆ: ಏನು ಇಷ್ಟ, ಯಾವುದಕ್ಕೆ ಸಿಟ್ಟು, ಎಷ್ಟು ಹೊತ್ತು ಕೂರುತ್ತಾನೆ, ಔಷಧ ಯಾವುದು, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಯಾವ ಯಾವ ಅಂಗಡಿಗಳಿವೆ. ಬರೆಯಲು ಕೂತಾಗ ‘ಬರುವುದಿಲ್ಲ’ ಎಂಬ ಪಟ್ಟಿ ಸರಸರನೆ ತುಂಬುತ್ತದೆ, ‘ಬರುತ್ತದೆ’ ಎಂಬುದಕ್ಕೆ ಬಹಳ ಯೋಚಿಸಬೇಕಾಗುತ್ತದೆ.

ಉಳಿದ ಪ್ರಶ್ನೆ ಎರಡು. ಕೋಚ್ ಆಗಿ ಯಾರನ್ನು ತರಬೇಕು? ಸಂವಾದದ ಸಂಜೆಯನ್ನು ಯಾವಾಗ ಇಡಬೇಕು?

ಉತ್ತರ — ವಿಶೇಷ ಶಿಕ್ಷಕಿ, ಹುಬ್ಬಳ್ಳಿ

ಹೊರಗಿನವರನ್ನು ತರುವ ಮೊದಲು ಆ ಪ್ರೆಸ್ಸಿನಲ್ಲೋ ಅಂಗಡಿಯಲ್ಲೋ ಆಗಲೇ ಇರುವವರಲ್ಲಿ ತಾಳ್ಮೆಯವರು ಯಾರೆಂದು ನೋಡಿ. ಕೆಲಸ ಬಲ್ಲವರಿಗೆ ಕಲಿಸುವ ರೀತಿಯನ್ನು ಹೇಳಿಕೊಡುವುದು ಸುಲಭ. ಅದಕ್ಕೆ ವಿಶೇಷ ಶಿಕ್ಷಕರೊಬ್ಬರು ಮೊದಲ ಕೆಲವು ದಿನ ಬಂದು ಹೋದರೆ ಆಗುತ್ತದೆ. ಕಲಿಸುವುದರಲ್ಲಿ ಅವರ ದಿನದ ಕೆಲಸ ಹಿಂದೆ ಬೀಳುವುದರಿಂದ ಅಷ್ಟು ತಾಸಿನ ಭತ್ಯೆಯನ್ನು ನೀವು ತುಂಬಿಕೊಡಬೇಕು. ಪಾಲಕರು ಮಾತ್ರ ತಮ್ಮ ಮಗುವಿಗೆ ತಾವೇ ಕೋಚ್ ಆಗುವುದು ಬೇಡ, ಮಗ ತಂದೆಯ ಮುಖ ನೋಡುತ್ತಾನೆ, ಹಾಳೆಯನ್ನಲ್ಲ. ಮೊದಲ ಭೇಟಿಗೆ ಮಗನನ್ನೂ ಕರೆದೊಯ್ಯಬೇಡಿ. ನೀವೇ ಹೋಗಿ ಅರ್ಧ ದಿನ ಕೂತು, ಅಲ್ಲಿ ಯಾವ ಕೆಲಸ ಯಾರ ಕೈಯಲ್ಲಿ ನಿಲ್ಲುತ್ತಿದೆ ಎಂದು ನೋಡಿ ಬರೆದುಕೊಂಡು ಬನ್ನಿ.

ಉತ್ತರ — ಮೆಣಸಿನಕಾಯಿ ವರ್ತಕ, ಬ್ಯಾಡಗಿ

ದಿನದ ಬಗ್ಗೆ: ನಮ್ಮಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ, ಆ ದಿನ ಕರೆದರೆ ಯಾರೂ ಬರುವುದಿಲ್ಲ. ನಿಮ್ಮಲ್ಲಿಯೂ ಸಂತೆಯ ದಿನ, ಲಿಲಾವಿನ (ಹರಾಜಿನ) ದಿನ ಬಿಟ್ಟು, ಅಂಗಡಿ ಮುಚ್ಚುವ ಹೊತ್ತಿಗೆ ಹೊಂದಿಸಿ. ಆಮಂತ್ರಣ ಪತ್ರಿಕೆ ಮುದ್ರಿಸುವುದಾದರೆ, ನೀವು ಕೆಲಸ ಕೇಳಬೇಕೆಂದಿರುವ ಪ್ರೆಸ್ಸಿನಲ್ಲಿಯೇ ಕೊಡಿ.